ಮನೆಯವರ ಎದುರು ಸತ್ಯವೇದ ಓದುವುದು

ವಾಟ್ಸಾಪ್‌ನಲ್ಲಿ ದಿನಾ ಬೆಳಿಗ್ಗೆ ಒಂದು ಭಕ್ತಿ ಸಂದೇಶ ಬಂದೇ ಬರುತ್ತದೆ. ಕುಕ್ಕರ್ ವಿಸಲ್‌ನಿಂದ ತಾಳ್ಮೆಯ ಪಾಠ, ಮಗುವಿನ ಶೂ ಲೇಸ್‌ನಿಂದ ನಂಬಿಕೆಯ ಪಾಠ, ತೆಂಗಿನಕಾಯಿಯ ಮೂರು ಕಣ್ಣಿನಿಂದ ತ್ರಯೇಕತ್ವದ ಪಾಠ. ಕೆಳಗೆ ಒಂದು ವಚನ, ಎರಡು ಗುಲಾಬಿ ಹೂವು. ಕಳಿಸುವವರೆಲ್ಲ ಒಳ್ಳೆಯವರೇ, ನಾನೂ ಆಮೆನ್ ಅಂತ ಹಾಕುತ್ತೇನೆ. ಆದರೆ ಕುಕ್ಕರ್ ನನಗೆ ಇವತ್ತಿನವರೆಗೂ ಏನೂ ಕಲಿಸಿಲ್ಲ. ಕಲಿಸಿದ್ದೆಲ್ಲ ಮನುಷ್ಯರು. ಅದೂ ಎಂಥ ಮನುಷ್ಯರು, ಮಧ್ಯಾಹ್ನ ಜಗಳ ಆಡಿ ಸಂಜೆ ಪ್ರಾರ್ಥನೆಗೆ ಅದೇ ಚಾಪೆ ಮೇಲೆ ಪಕ್ಕದಲ್ಲೇ ಬಂದು ಕೂರುವವರು.

ನಮ್ಮದು ಹುಬ್ಬಳ್ಳಿ ಕಡೆಯ ಮನೆತನ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್‌ನವರು 1834ರಲ್ಲಿ ಮಂಗಳೂರಿಗೆ ಬಂದು, ಆಮೇಲೆ ಘಟ್ಟ ಹತ್ತಿ 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ ಅಂತ ನೆಲೆ ಮಾಡಿಕೊಂಡರಲ್ಲ, ಆ ಕಾಲದ ಬೇರು. ಆ ಮಿಷನರಿಗಳಲ್ಲಿ ಬಹಳ ಜನ ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಭಕ್ತ ಮನೆಗಳಿಂದ ಬಂದವರು. ಭಾನುವಾರದ ಆರಾಧನೆ ಎಷ್ಟು ಮುಖ್ಯವೋ, ಮನೆಯಲ್ಲಿ ದಿನಾ ಎಲ್ಲರೂ ಕೂತು ಸತ್ಯವೇದದ, ಅಂದರೆ ಬೈಬಲ್ಲಿನ, ವಾಕ್ಯ ಓದುವುದೂ ಅಷ್ಟೇ ಮುಖ್ಯ ಅನ್ನುವ ಪಂಥ ಅವರದು. ಕಿಟೆಲ್ ಅಂದರೆ ನಾಡಿಗೆಲ್ಲ 1894ರ ನಿಘಂಟು ನೆನಪಾಗುತ್ತದೆ. ನಮ್ಮ ಮನೆಗಳಿಗೆ ಅವರ ಪೈಕಿಯವರು ಬಿಟ್ಟುಹೋದದ್ದು ಈ ಸಂಜೆ ಪ್ರಾರ್ಥನೆ. ಒಂದು ಹಾಡು, ಒಂದು ಅಧ್ಯಾಯ, ಮನೆಯ ಹಿರಿಯರ ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ಯೇಸು ಕಲಿಸಿದ ಕರ್ತನ ಪ್ರಾರ್ಥನೆ, ಪರಲೋಕದಲ್ಲಿರುವ ನಮ್ಮ ತಂದೆಯೇ. ಅಧ್ಯಾಯವನ್ನು ಆರಿಸುವ ಹಾಗಿಲ್ಲ, ನಿನ್ನೆ ಬಿಟ್ಟಲ್ಲಿಂದ ಮುಂದಕ್ಕೆ. ಓದುವ ಪಾಳಿ ಮಕ್ಕಳಿಗೂ ಬರುತ್ತದೆ. ವಂಶಾವಳಿಯ ದಿನ ಯಾರ ಪಾಳಿ ಬಂತೋ ಅವರ ಕಥೆ ಮುಗಿಯಿತು. ಅಪ್ಪನ ಪ್ರಾರ್ಥನೆ ಉದ್ದ ಆದರೆ ಅವ್ವ ಕಣ್ಣು ಮುಚ್ಚಿಕೊಂಡೇ ಹೇಳುತ್ತಿದ್ದಳು: "ಲಗೂನ ಆಮೆನ್ ಅನ್ರಿ, ಸಾರು ಆರಾಕತ್ತೈತಿ."

ಈ ಪ್ರಾರ್ಥನೆಯಲ್ಲಿ ಒಂದು ವಿಚಿತ್ರ ಇದೆ. ಕ್ರೈಸ್ತ ಮನೆಗಳಲ್ಲಿ ಬೆಳೆದವರಿಗೆಲ್ಲ ಗೊತ್ತಿರುತ್ತದೆ, ಆದರೆ ಯಾರೂ ಬಾಯಿಬಿಟ್ಟು ಹೇಳಲ್ಲ. ನಮ್ಮಲ್ಲಿ ದೇವರಿಗೆ ಹೇಳುವ ಹಾಗೆ ಮಾಡಿ ಪಕ್ಕದಲ್ಲಿ ಕೂತವರಿಗೆ ಹೇಳುವ ಕಲೆ ಬಹಳ ಚೆನ್ನಾಗಿ ಬೆಳೆದಿದೆ. "ಕರ್ತನೇ, ಈ ಮನೆಯಲ್ಲಿ ಕೆಲವರಿಗೆ ಒಳ್ಳೆಯ ಬುದ್ಧಿ ಕೊಡು" ಅಂದರೆ ಆ ಕೆಲವರು ಯಾರು ಅಂತ ಎಲ್ಲರಿಗೂ ಗೊತ್ತು. "ಮೊಬೈಲಿನ ದಾಸತ್ವದಿಂದ ಬಿಡಿಸು" ಅಂದರೆ ನನ್ನ ತಮ್ಮ ಕಣ್ಣು ತೆರೆದು ಸೀಲಿಂಗ್ ನೋಡುತ್ತಿದ್ದ. ಕಣ್ಣು ಮುಚ್ಚಿದವರ ಮೇಲೆ ಮಾತಿನ ಏಟು ಹಾಕುವುದು ಸುಲಭ ನೋಡಿ, ವಾಪಸ್ ಮಾತಾಡುವ ಹಾಗಿಲ್ಲ. ಇದು ಒಳ್ಳೆಯ ಅಭ್ಯಾಸ ಅಂತ ನಾನು ಹೇಳಲ್ಲ. ಆದರೆ ಹಾಗೆ ಏಟು ಹಾಕಿದವರೂ ಮರುನಿಮಿಷಕ್ಕೆ ಕರ್ತನ ಪ್ರಾರ್ಥನೆಗೆ ಬರಲೇಬೇಕು. ನಮಗೆ ತಪ್ಪು ಮಾಡಿದವರನ್ನು ನಾವು ಕ್ಷಮಿಸಿದ ಹಾಗೆ ಅನ್ನುವ ಸಾಲು ಅಲ್ಲಿ ಕಾದು ಕೂತಿರುತ್ತದೆ. ಮತ್ತಾಯನ 6ನೇ ಅಧ್ಯಾಯ ತೆಗೆದು ನೋಡಿ, ಇಡೀ ಪ್ರಾರ್ಥನೆಯಲ್ಲಿ ಯೇಸು ತಿರುಗಿ ಬಂದು ವಿವರಣೆ ಕೊಟ್ಟದ್ದು ಅದೊಂದೇ ಸಾಲಿಗೆ. ನೀವು ಕ್ಷಮಿಸದಿದ್ದರೆ ನಿಮಗೂ ಇಲ್ಲ ಅಂತ ನೇರವಾಗಿ. ಚರ್ಚಿನಲ್ಲಿ ಅದನ್ನು ಹೇಳುವಾಗ ಮುಂದಿನ ಬೆಂಚಿನವರ ಬೆನ್ನು ಕಾಣುತ್ತದೆ, ಅಷ್ಟೆ. ಮನೆಯಲ್ಲಿ ಹಾಗಲ್ಲ. ತಪ್ಪು ಮಾಡಿದವರು ಮೊಣಕಾಲಿಗೆ ಮೊಣಕಾಲು ತಾಗಿಸಿಕೊಂಡು ಅದೇ ಸಾಲನ್ನು ನಿಮ್ಮ ಬಗ್ಗೆ ಹೇಳುತ್ತಿರುತ್ತಾರೆ.

ಆಸ್ತಿ ವಿಷಯಕ್ಕೆ ಬರುತ್ತೇನೆ. ನಮ್ಮ ಜನ ಸಾಕ್ಷಿ ಹೇಳುವಾಗ ಕಾಯಿಲೆ ವಾಸಿಯಾದದ್ದು, ಕೆಲಸ ಸಿಕ್ಕಿದ್ದು ಎಲ್ಲ ಹೇಳುತ್ತಾರೆ. ಪಾಲಿನ ವಿಷಯ ಮಾತ್ರ ಯಾರೂ ಎತ್ತುವುದಿಲ್ಲ.

ಅಜ್ಜ ತೀರಿಕೊಂಡ ಮೇಲೆ ಹಳೆ ಮನೆ, ಹಿತ್ತಲಿನ ಜಾಗ ಅಂತ ಅಪ್ಪ, ದೊಡ್ಡಪ್ಪ, ಕಾಕಾ ಮೂವರ ನಡುವೆ ಮಾತು ಕೆಟ್ಟಿತು. ಭಾನುವಾರ ಒಂದೇ ದೇವಾಲಯ, ಬೇರೆ ಬೇರೆ ಬೆಂಚು. ಕಾಕಾ ಹೋಗಿ ಚರ್ಚಿನ ಅಯ್ಯನವರನ್ನೇ ನ್ಯಾಯ ಹೇಳಿ ಅಂತ ಕರೆದುಕೊಂಡು ಬಂದರು. ಆ ಅಯ್ಯನವರು ಜಾಣರು. ಚಹಾ ಕುಡಿದರು, ಲೂಕನ 12ನೇ ಅಧ್ಯಾಯ ಓದಿದರು, ಪ್ರಾರ್ಥನೆ ಮಾಡಿದರು, ಹೋದರು. ಅಲ್ಲಿ ಗುಂಪಿನೊಳಗಿಂದ ಒಬ್ಬ ಬಂದು, ನನ್ನ ಅಣ್ಣನಿಗೆ ಹೇಳಿ ನನ್ನ ಪಾಲು ಕೊಡಿಸು ಅಂತ ಯೇಸುವನ್ನು ಕೇಳುತ್ತಾನೆ. ಯೇಸು ಒಪ್ಪುವುದಿಲ್ಲ. ನಿಮಗೆ ಪಾಲು ಮಾಡಿಕೊಡುವವನಾಗಿ ನನ್ನನ್ನು ನೇಮಿಸಿದವರು ಯಾರು ಅಂತ ವಾಪಸ್ ಕೇಳಿ, ಲೋಭದ ಬಗ್ಗೆ ಎಚ್ಚರ ಹೇಳಿ, ಕಣಜ ಕಟ್ಟಿಸಲು ಹೊರಟ ಸಾಹುಕಾರನ ಕಥೆಗೆ ಹೋಗುತ್ತಾನೆ. ಅಪ್ಪ, ದೊಡ್ಡಪ್ಪ, ಕಾಕಾ ಮೂವರೂ ಆ ಸಾಹುಕಾರ ಉಳಿದಿಬ್ಬರೇ ಅಂತ ತಿಳಿದುಕೊಂಡರು.

ಇಷ್ಟೆಲ್ಲ ಆಗುವಾಗ ಅತ್ತೆಯಂದಿರನ್ನು ಯಾರೂ ಕೇಳಲೇ ಇಲ್ಲ. ನಮಗೆ, ಅಂದರೆ ಕ್ರೈಸ್ತರಿಗೆ, 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ. ವಿಲ್ ಮಾಡದೆ ತೀರಿಕೊಂಡರೆ ಹೆಂಡತಿಗೆ ಮೂರನೇ ಒಂದು ಭಾಗ, ಉಳಿದದ್ದು ಮಕ್ಕಳಿಗೆ ಸಮಪಾಲು, ಗಂಡು ಹೆಣ್ಣು ಅಂತ ಭೇದ ಇಲ್ಲ. ಕಾಗದದ ಮೇಲೆ ನಮ್ಮ ಹೆಣ್ಣುಮಕ್ಕಳದ್ದು ಗಟ್ಟಿ ಹಕ್ಕು. ಆದರೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋಗಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿ, ಬರುವಾಗ ಒಂದು ಇಳಕಲ್ ಸೀರೆ ಕೊಡಿಸಿದರೆ ಆ ಕಾಯ್ದೆ ಅಲ್ಲಿಗೆ ಮುಗಿಯಿತು. ತವರಿನ ಬಾಗಿಲು ಮುಚ್ಚಿಕೊಳ್ಳೋದು ಬೇಡ ಅಂತ ಅವರು ಸಹಿ ಹಾಕುತ್ತಾರೆ. ನಮ್ಮ ಅತ್ತೆಯಂದಿರೂ ಹಾಕಿದರು.

ಅದಾಗಿ ಕೆಲವು ವರ್ಷದ ಮೇಲೆ ದೊಡ್ಡ ಅತ್ತೆ (ಅಪ್ಪನ ಅಕ್ಕ, ಗಂಡನ ತಾಯಿ ಅಲ್ಲ) ಕ್ರಿಸ್ಮಸ್ ಮುಗಿಸಿಕೊಂಡು ಹೋಗಲು ನಮ್ಮ ಮನೆಗೆ ಬಂದಿದ್ದರು. ಸಂಜೆ ಅಣ್ಣ ತಮ್ಮಂದಿರೂ ಸೇರಿದ್ದರು, ಅಷ್ಟೊತ್ತಿಗೆ ಮಾತುಕತೆ ಸರಿಹೋಗಿತ್ತು. ಅಪ್ಪ ಗೌರವಕ್ಕೆ ಅಂತ "ಅಕ್ಕಾ, ಇವತ್ತು ನೀನ ಓದು" ಅಂದರು. ಅತ್ತೆ ಕನ್ನಡಕ ಸೆರಗಿನಲ್ಲಿ ಒರೆಸಿ ಹಾಕಿಕೊಂಡರು. ದಾರ ಇಟ್ಟ ಪುಟ ತೆಗೆಯಲಿಲ್ಲ. ಹಿಂದಕ್ಕೆ, ಇನ್ನೂ ಹಿಂದಕ್ಕೆ ಹಾಳೆ ತಿರುವಿದರು. ಅರಣ್ಯಕಾಂಡ 27 (ರಾಮಾಯಣದ್ದಲ್ಲ, ಸತ್ಯವೇದದ ನಾಲ್ಕನೇ ಪುಸ್ತಕ). ಆ ಪುಟವನ್ನು ಅವರು ಮೊದಲೇ ನೋಡಿಟ್ಟಿದ್ದರು ಅಂತ ನನಗೆ ಅವರ ಬೆರಳು ನೋಡಿಯೇ ಗೊತ್ತಾಯಿತು. ಚಲ್ಪಹಾದನ ಹೆಣ್ಣುಮಕ್ಕಳು ಐದು ಜನ, ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ. ಅಪ್ಪ ಗಂಡುಮಕ್ಕಳಿಲ್ಲದೆ ತೀರಿಕೊಂಡಿದ್ದಾನೆ. ಅವರು ಮೋಶೆ, ಯಾಜಕ, ಮುಖಂಡರು, ಇಡೀ ಜನಸಮೂಹದ ಮುಂದೆ ಗುಡಾರದ ಬಾಗಿಲಲ್ಲಿ ನಿಂತು, ನಮ್ಮ ತಂದೆಯ ಅಣ್ಣತಮ್ಮಂದಿರ ಜೊತೆ ನಮಗೂ ಪಾಲು ಕೊಡಿ ಅಂತ ಕೇಳುತ್ತಾರೆ. ಮೋಶೆಗೆ ಉತ್ತರ ಗೊತ್ತಿಲ್ಲ, ದೇವರ ಹತ್ತಿರ ಹೋಗುತ್ತಾನೆ. ಆ ಹೆಣ್ಣುಮಕ್ಕಳು ಹೇಳುವುದು ನ್ಯಾಯ, ಕೊಡು ಅನ್ನುತ್ತಾನೆ ದೇವರು. ಐದೂ ಹೆಸರನ್ನು ಅತ್ತೆ ಒಂದೊಂದಾಗಿ, ಸಂಡೇ ಸ್ಕೂಲಿನಲ್ಲಿ ಹಾಜರಿ ಕರೆದ ಹಾಗೆ ಓದಿದರು. ಪುಸ್ತಕ ಮುಚ್ಚಿದರು. ಆಮೇಲೆ ಪ್ರಯಾಣಕ್ಕೆ, ಮಳೆ ಬೆಳೆಗೆ, ಮೊಮ್ಮಕ್ಕಳ ಪರೀಕ್ಷೆಗೆ ಅಂತ ಎಂದಿನ ಪ್ರಾರ್ಥನೆ ಮಾಡಿದರು. "ಕೆಲವರು" ಅನ್ನುವ ಮಾತೇ ಎತ್ತಲಿಲ್ಲ.

ಊಟಕ್ಕೆ ಕೂತಾಗ ಕಾಕಾ ಮಳೆ ಬಗ್ಗೆ ಬಹಳ ಮಾತಾಡಿದರು.

ಮರುದಿನವೇ ಎಲ್ಲ ಸರಿಹೋಯಿತು ಅಂತ ಬರೆದರೆ ಓದೋಕೆ ಚೆನ್ನಾಗಿರುತ್ತದೆ, ಆದರೆ ಹಾಗಾಗಲಿಲ್ಲ. ಹಿತ್ತಲಿನ ಜಾಗ ಮಾರಿದಾಗ ಅಪ್ಪ ತಮ್ಮ ಭಾಗಕ್ಕೆ ಬಂದ ದುಡ್ಡಿನಲ್ಲಿ ಒಂದಿಷ್ಟು ಅಕ್ಕತಂಗಿಯರಿಗೆ ಕೊಟ್ಟರು. ಉಡುಗೊರೆ ಅಂತ ಕವರಿನಲ್ಲಿ ಹಾಕಿ ಕೊಟ್ಟರು. ದೊಡ್ಡ ಅತ್ತೆ ಕವರ್ ತೆಗೆದುಕೊಂಡು "ನನ್ನ ಪಾಲು ಬಂತು" ಅಂತ ಎಲ್ಲರ ಮುಂದೆ ಹೇಳಿ ಬ್ಯಾಗಿನಲ್ಲಿ ಇಟ್ಟುಕೊಂಡರು. ದೊಡ್ಡಪ್ಪ, ಕಾಕಾ ಇವತ್ತಿಗೂ ಏನೂ ಕೊಟ್ಟಿಲ್ಲ. ಇನ್ನೊಂದು ಗೊತ್ತಾ, ಅದೇ ಅರಣ್ಯಕಾಂಡದ 36ನೇ ಅಧ್ಯಾಯದಲ್ಲಿ ಕುಲದ ಗಂಡಸರು ಮತ್ತೆ ತಕರಾರು ತೆಗೆದುಕೊಂಡು ಬರುತ್ತಾರೆ. ಈ ಹುಡುಗಿಯರು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಜಮೀನು ಕೈಬಿಟ್ಟು ಹೋಗುತ್ತದಲ್ಲ ಅಂತ. ಕೊನೆಗೆ ತಂದೆಯ ಕುಲದಲ್ಲೇ ಮದುವೆಯಾಗಬೇಕು ಅಂತ ಷರತ್ತು ಬೀಳುತ್ತದೆ. ಸತ್ಯವೇದದಲ್ಲಿಯೂ ಪಾಲಿನ ವಿಷಯ ಒಂದೇ ಅಧ್ಯಾಯಕ್ಕೆ ಮುಗಿಯುವುದಿಲ್ಲ.

ಮಾರ್ಥಳ ವಿಷಯವೂ ಹೀಗೇ. ಮನೆ ಪ್ರಾರ್ಥನಾ ಕೂಟ ಇಟ್ಟುಕೊಂಡವರಿಗೆ ಗೊತ್ತು: ಹಾಲ್‌ನಲ್ಲಿ ಕುರ್ಚಿ ಜೋಡಿಸಿ, ಬಂದವರು ಹಾಡು ಶುರು ಮಾಡಿ, ಸಂದೇಶ ಕೊಡುವವರು ಲೂಕ 10 ತೆಗೆದು, ಅಕ್ಕತಂಗಿಯರಲ್ಲಿ ಮರಿಯಳು ಯೇಸುವಿನ ಪಾದದ ಬಳಿ ಕೂತಳು, ಮಾರ್ಥಳು ಊಟದ ಕೆಲಸ ಅಂತ ಸುಮ್ನೆ ಗಡಿಬಿಡಿ ಮಾಡಿದಳು, ಒಳ್ಳೆಯ ಭಾಗ ಯಾವುದು ಅಂತ ಮುಕ್ಕಾಲು ಗಂಟೆ ಮಾತಾಡುವಾಗ ಅಡುಗೆಮನೆಯಲ್ಲಿ ನಾಲ್ಕು ಹೆಂಗಸರು ಅದನ್ನು ಅರ್ಧ ಕೇಳಿಸಿಕೊಂಡು ಮಿರ್ಚಿ ಭಜಿ ಕರಿಯುತ್ತಿರುತ್ತಾರೆ. ಸಂದೇಶ ಮುಗಿದ ಕೂಡಲೇ ಪ್ಲೇಟು ಬರಬೇಕು. ಬರದಿದ್ದರೆ ನೋಡಿ ಮುಖ. ಮಾರ್ಥಳನ್ನು ಬೈದವರೇ ಎರಡನೇ ಸಲ ಚಟ್ನಿ ಕೇಳುತ್ತಾರೆ.

ಮಾರ್ಥಳ ಕಥೆ ಲೂಕನಲ್ಲಿ ನಿಲ್ಲುವುದಿಲ್ಲ ಅನ್ನುವುದನ್ನು ಕೂಟದಲ್ಲಿ ಜಾಸ್ತಿ ಯಾರೂ ಹೇಳಲ್ಲ. ಯೋಹಾನ 11ರಲ್ಲಿ ತಮ್ಮ ಲಾಜರ ಸತ್ತಾಗ ಊರ ಹೊರಗೆ ಎದುರು ಹೋಗಿ ಯೇಸುವಿನ ಜೊತೆ ಮಾತಾಡಿದವಳು ಅವಳು. ನೀನು ಬರಬೇಕಾಗಿದ್ದ ದೇವಕುಮಾರನಾದ ಕ್ರಿಸ್ತ ಅಂತ ನಂಬಿದ್ದೇನೆ ಅಂದವಳೂ ಅವಳೇ. ಶಿಷ್ಯ ಪೇತ್ರ ಅಂಥದೇ ಮಾತು ಹೇಳಿದ್ದಕ್ಕೆ ಎಷ್ಟು ಪ್ರಸಂಗ ಕೇಳಿಲ್ಲ ನಾವು! 12ನೇ ಅಧ್ಯಾಯದಲ್ಲಿ ಮತ್ತೆ ಊಟ, ಮತ್ತೆ ಮಾರ್ಥಳು ಬಡಿಸುತ್ತಿದ್ದಾಳೆ. ಈ ಸಲ ಯೇಸು ಏನೂ ಅನ್ನಲ್ಲ. 21ನೇ ಅಧ್ಯಾಯಕ್ಕೆ ಬಂದರೆ ಸಾವಿನಿಂದ ಎದ್ದುಬಂದ ಯೇಸುವೇ ಕೆರೆ ದಡದಲ್ಲಿ ಕೆಂಡ ಮಾಡಿ, ಮೀನು ಸುಟ್ಟು, ರೊಟ್ಟಿ ಇಟ್ಟುಕೊಂಡು, ರಾತ್ರಿಯೆಲ್ಲ ಬಲೆ ಬೀಸಿ ಸುಸ್ತಾದವರನ್ನು ಊಟ ಮಾಡಿ ಬನ್ನಿ ಅಂತ ಕರೆಯುತ್ತಾನೆ. ಒಲೆ ಮುಂದೆ ಕೂತಿದ್ದು ಯಾರು ಹಾಗಾದರೆ? ಇದನ್ನು ಬೆಂಗಳೂರಿನ ನಮ್ಮ ಮನೆಯ ಕೂಟದಲ್ಲಿ ನನ್ನ ಗಂಡ ಓದಿದರು. ಓದಿದ ಮೇಲೆ ಸುಮ್ಮನೆ ಕೂರುವ ಹಾಗಿರಲಿಲ್ಲ ಪಾಪ, ಅಡುಗೆಮನೆಯಿಂದ ನಾವು ನಾಲ್ಕು ಜನ ಅವರನ್ನೇ ನೋಡುತ್ತಿದ್ದೆವು. ಈಗ ಚಹಾ ಮೊದಲೇ ಮಾಡಿ ಫ್ಲಾಸ್ಕಿಗೆ ಹಾಕಿಡುತ್ತೇವೆ, ತಿಂಡಿ ಬೇಕರಿಯಿಂದ ಬರುತ್ತದೆ, ಕಪ್ಪು ತೊಳೆಯುವುದು ಗಂಡಸರು. ಭಜಿ ಇಲ್ಲದ ಕೂಟ ಎಂಥ ಕೂಟ ಅಂತ ಹಿರಿಯರೊಬ್ಬರು ಗೊಣಗಿದರು. ಗೊಣಗಲಿ.

ಊರಿನ ಮನೆಯಲ್ಲಿ ಅವ್ವನನ್ನು ನೋಡಿಕೊಳ್ಳುವವರು ವೈನಿ, ಅಂದರೆ ಅತ್ತಿಗೆ. ಸಕ್ಕರೆ ಕಾಯಿಲೆ, ಮಂಡಿ ನೋವು, ರಾತ್ರಿ ಎದ್ದು ಬಾತ್‌ರೂಮಿಗೆ ಕರೆದುಕೊಂಡು ಹೋಗುವುದು, ಇನ್ಸುಲಿನ್ ಚುಚ್ಚುವುದು, ಬೈಸಿಕೊಳ್ಳುವುದು ಎಲ್ಲ ಅವರದೇ. ನಾನು ಬೆಂಗಳೂರಿನಿಂದ ರಾತ್ರಿ ಟ್ರೇನ್ ಹತ್ತಿ ಬಂದ ದಿನ ಮಾತ್ರ ಅವ್ವನಿಗೆ ಎಲ್ಲಿಲ್ಲದ ಹುರುಪು. ಮಟನ್ ತರಿಸುತ್ತಾಳೆ. ಅದನ್ನು ಬೇಯಿಸುವವರೂ ವೈನಿಯೇ. "ನೀವು ಬಂದ ದಿನ ಅವರಿಗೆ ಮಂಡಿ ನೋವೂ ಮರತು ಹೋಗತೈತಿ ನೋಡ್ರಿ" ಅಂತ ನಗುತ್ತಾರೆ. ಆ ನಗು ಪೂರ್ತಿ ನಗು ಅಲ್ಲ.

ಅಂಥದೇ ಒಂದು ಸಂಜೆ ಲೂಕ 15 ಬಂತು. ಕಿರಿ ಮಗ ಆಸ್ತಿ ಹಾಳುಮಾಡಿ ವಾಪಸ್ ಬಂದಿದ್ದಕ್ಕೆ ಕೊಬ್ಬಿದ ಕರು ಕೊಯ್ದರು, ಹೊಲದಿಂದ ಬಂದ ಹಿರಿ ಮಗನಿಗೆ ವಾದ್ಯದ ಸದ್ದು ಕೇಳಿ ಆಳನ್ನು ಕೇಳಬೇಕಾಯಿತು. ಅವನಿಗೆ ಹೇಳಿ ಕಳಿಸಬೇಕು ಅಂತ ಮನೆಯವರಿಗೆ ಹೊಳೆದೇ ಇಲ್ಲ! ಇಷ್ಟು ವರ್ಷ ದುಡಿದೆ, ನನಗೊಂದು ಆಡಿನ ಮರಿಯನ್ನೂ ಕೊಡಲಿಲ್ಲ ಅಂತಾನೆ ಅವನು. ಪ್ರಸಂಗಗಳಲ್ಲಿ ಅವನನ್ನು ಹೊಟ್ಟೆಕಿಚ್ಚಿನವನು ಅಂತ ಮುಗಿಸಿಬಿಡುತ್ತಾರೆ. ಅಪ್ಪ ಆ ಮಗನನ್ನು ಕರೆಯಲೂ ಮನೆಯಿಂದ ಹೊರಗೆ ಬಂದ ಅನ್ನುವುದು ಅಲ್ಲೇ ಬರೆದಿದೆ. ಅವನು ಒಳಗೆ ಹೋದನೋ ಇಲ್ಲವೋ, ಯೇಸು ಹೇಳಲೇ ಇಲ್ಲ.

ಓದು ಮುಗಿದ ಮೇಲೆ ವೈನಿ ಕೇಳಿದರು, "ಆಮ್ಯಾಲೆ ಅಂವ ಒಳಗ ಬಂದನೋ ಇಲ್ಲೋ?"

"ಬರೆದಿಲ್ಲವ್ವಾ" ಅಂದರು ಅಪ್ಪ.

"ಬರದಿದ್ರೂ ಬಂದಿರತಾನ ಬಿಡ್ರಿ. ಮರುದಿನ ಮುಂಜಾನೆ ಹೊಲಕ್ಕ ಹೋಗಾಂವ ಅಂವನ ಅಲ್ಲೇನು."

ಈ ಅಧ್ಯಾಯದ ಮೇಲೆ ನಾನು ಕೇಳಿದ ಪ್ರಸಂಗಗಳಲ್ಲಿ ಇದಕ್ಕಿಂತ ಒಳ್ಳೆಯದು ನೆನಪಿಲ್ಲ. ಅಪ್ಪ ಆ ರಾತ್ರಿ ಪ್ರಾರ್ಥನೆಯಲ್ಲಿ ಸೊಸೆಯ ಹೆಸರು ಹಿಡಿದು, ಅವರು ಮಾಡುವ ಒಂದೊಂದೇ ಕೆಲಸ ಹೇಳಿ, ಇನ್ಸುಲಿನ್ ಸಮೇತ, ದೇವರಿಗೆ ಸ್ತೋತ್ರ ಸಲ್ಲಿಸಿದರು. ಎದುರಾಎದುರು ನಿಂತು ಸೊಸೆಗೆ ಹಾಗೆ ಹೇಳೋಕೆ ನಮ್ಮ ಕಡೆ ಗಂಡಸರಿಗೆ ಬರಲ್ಲ. ದೇವರಿಗೆ ಹೇಳುವ ಹಾಗೆ ಮಾಡಿ ಪಕ್ಕದವರಿಗೆ ಹೇಳುವ ಆ ಹಳೆ ಕಲೆ ಅವತ್ತು ಉಪಯೋಗಕ್ಕೆ ಬಂತು. ಅವ್ವ ಸಾರು ಆರುತ್ತದೆ ಅನ್ನಲಿಲ್ಲ.

ಇದಕ್ಕೆ ಸೇರಿಸಿ ಒಂದು ಮಾತು. ಮಾರ್ಕ 7ರಲ್ಲಿ ಕೊರ್ಬಾನ್ ಅಂತ ಬರುತ್ತದೆ. ಅಪ್ಪ ಅಮ್ಮನಿಗೆ ಕೊಡಬೇಕಾದ್ದನ್ನು ದೇವರಿಗೆ ಕೊಟ್ಟಾಗಿದೆ ಅಂತ ಹೇಳಿ ತಪ್ಪಿಸಿಕೊಳ್ಳುವ ಉಪಾಯ. ಯೇಸುವಿಗೆ ಅದು ಕಂಡರೆ ಆಗುತ್ತಿರಲಿಲ್ಲ. ಚರ್ಚಿನ ಸುಗ್ಗಿ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಸಾವಿರಗಟ್ಟಲೆ ಕೂಗಿ, ತಾಯಿಯ ಔಷಧಿ ಚೀಟಿಯನ್ನು ತಮ್ಮನ ಕಡೆ ತಳ್ಳುವವರನ್ನು ನಾವೆಲ್ಲ ನೋಡಿದ್ದೇವೆ ಅಲ್ವಾ. ಹೆಚ್ಚು ಬರೆಯಲ್ಲ.

ನಮ್ಮ ಮನೆಯಲ್ಲಿ ಈಗ ಸತ್ಯವೇದದ ಮೊದಲ ಪುಸ್ತಕ ಆದಿಕಾಂಡ ನಡೆಯುತ್ತಿದೆ. ಮಕ್ಕಳಿರುವವರಿಗೆ ನಾನು ಹೇಳುವುದೂ ಅದನ್ನೇ, ಒಳ್ಳೊಳ್ಳೆ ವಚನ ಹುಡುಕಿ ಓದಿಸುವ ಬದಲು 25ನೇ ಅಧ್ಯಾಯದಿಂದ ಕೊನೆಯವರೆಗೆ ಬಿಡದೆ ಓದಿಸಿ. ಅದರಲ್ಲಿ ಅಪ್ಪ ಇಸಾಕನಿಗೆ ಬೇಟೆಯ ಊಟ ತರುವ ಹಿರಿ ಮಗ ಏಸಾವ ಇಷ್ಟ, ತಾಯಿ ರೆಬೆಕ್ಕಳಿಗೆ ಕಿರಿ ಮಗ ಯಾಕೋಬ ಇಷ್ಟ ಅಂತ ಮುಚ್ಚುಮರೆ ಇಲ್ಲದೆ ಬರೆದಿದೆ. ಮಗಳು ಅಲ್ಲಿಗೆ ಓದು ನಿಲ್ಲಿಸಿ "ಅಮ್ಮಾ, ನಿಂಗೆ ನಮ್ಮಿಬ್ಬರಲ್ಲಿ ಯಾರು ಜಾಸ್ತಿ ಇಷ್ಟ?" ಅಂದಳು. ಮಗ ಓದುವುದು ಬಿಟ್ಟು ನನ್ನ ಮುಖವನ್ನೇ ನೋಡುತ್ತಿದ್ದ. ಇಬ್ಬರೂ ಒಂದೇ ಅಂದೆ. ನಂಬಲಿಲ್ಲ, ಇಬ್ಬರೂ. ಕುರುಡ ಅಪ್ಪನಿಗೆ ಮೋಸ ಮಾಡಿದ ಯಾಕೋಬನಿಗೆ ಆಶೀರ್ವಾದ ಯಾಕೆ ಸಿಕ್ಕಿತು ಅನ್ನುವ ಪ್ರಶ್ನೆಗೂ ನನ್ನ ಹತ್ತಿರ ಉತ್ತರ ಇರಲಿಲ್ಲ. ಮುಂದೆ ಅವನಿಗೂ ಮೋಸ ಆಗುತ್ತೆ, ಕಾಯಿರಿ ಅಂದೆ. ಸೋದರಮಾವನ ಮಗಳನ್ನು ಮದುವೆಯಾಗಲು ಏಳು ವರ್ಷ ದುಡಿದ ಅನ್ನುವುದು ಮಾತ್ರ ನಮ್ಮ ಮಕ್ಕಳಿಗೆ ವಿವರಿಸಬೇಕಾಗಿಲ್ಲ. ಸೋದರಮಾವನ ಮಗಳು, ಅದರಲ್ಲೇನು ವಿಶೇಷ.

ಮುಂದಿನ ವಾರ ಆ ಸೋದರಮಾವ ಲಾಬಾನನ ಮನೆಗೆ ಬರುತ್ತೇವೆ. ರಾಹೇಲಳನ್ನು ಕೊಡುತ್ತೇನೆ ಅಂತ ಹೇಳಿ ಲೇಯಾಳನ್ನು ಕೊಟ್ಟವನು, ಅಳಿಯನ ಸಂಬಳವನ್ನು ಹತ್ತು ಸಲ ಬದಲಾಯಿಸಿದವನು. ಅದೇ ವಾರ ಅಪ್ಪ ಕಣ್ಣು ತೋರಿಸಿಕೊಳ್ಳಲು ಊರಿನಿಂದ ಬರುತ್ತಿದ್ದಾರೆ, ಒಂದು ಅಧ್ಯಾಯ ಹಾರಿಸೋಣವಾ ಅಂತ ನನ್ನ ಗಂಡ ಕೇಳುತ್ತಿದ್ದಾರೆ. ಹಾರಿಸುವ ಹಾಗಿಲ್ಲ ಅಂದಿದ್ದೇನೆ. ಪಾಳಿ ಅವರದೇ.